ನಮ್ಮವರ ಬರ್ಮಾ ಲೈನು

ನಮ್ಮವರು ರೈಲು ಓಡಿಸುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಹೆಸರು ತಿರುಮಲೇಶ, ಮದ್ರಾಸಿನ ಮೌಂಟ್ ರೋಡಿನ ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ನಂಗನಲ್ಲೂರಿನ ನಮ್ಮ ಗಲ್ಲಿಯಲ್ಲಿ ಸ್ಕೂಟರ್ ತಿರುಗಿಸಬೇಕಾದರೂ ಇಳಿದು, ತಳ್ಳಿ, ಎರಡೂ ಕಡೆ ನೋಡಿ ಮತ್ತೆ ಹತ್ತುವವರು. ಅಂಥವರು ಸಂಜೆ ಕಾಫಿ ಕುಡಿದು ಕಂಪ್ಯೂಟರಿನ ಮುಂದೆ ಕೂತರೆಂದರೆ ಹಿಮದ ಬೆಟ್ಟಗಳಿಗೆ ಗಾಡಿ ಹತ್ತಿಸಿ ಇಳಿಸುತ್ತಾರೆ. ಟ್ರೈನ್ ಸಿಮ್ಯುಲೇಟರ್ ಎಂದು ಅದರ ಹೆಸರು. ತೆರೆಯ ಮೇಲೆ ಇಂಜಿನ್ನಿನ ಕಿಟಕಿ, ಅದರಾಚೆ ಹಳಿ; ಬ್ರೇಕು ಮಾತ್ರ ಕೀಬೋರ್ಡಿನಲ್ಲಿ. ಪೆರುಂಗುಡಿಯಲ್ಲಿ ಕೆಲಸ ಮಾಡುವ ನಮ್ಮ ಮಗಳು ಪ್ರೇರಣಾ ಅಪ್ಪನ ಹುಟ್ಟುಹಬ್ಬಕ್ಕೆಂದು ಹಾಕಿಕೊಟ್ಟಳು. ಅಂದಿನಿಂದ ಊಟಕ್ಕೆ ಕರೆದರೆ "ಸಿಗ್ನಲ್ ಸಿಕ್ಕಿಲ್ಲ ಸುಮತಿ" ಎಂಬ ಉತ್ತರ ಬರುತ್ತದೆ.

ಓಡಿಸುವುದರಲ್ಲೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಈ ಆಟದವರದೊಂದು ಗುಂಪು ಇಂಟರ್ನೆಟ್ಟಿನಲ್ಲಿದೆ. ದೇಶದೇಶದವರು ಸೇರಿ, ಮುಚ್ಚಿಹೋದ ಹಳೆಯ ರೈಲುದಾರಿಗಳನ್ನು ಕಂಪ್ಯೂಟರಿನೊಳಗೆ ಮತ್ತೆ ಹಾಕುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಬರ್ಮಾ ಗಡಿಯ ಕಾಡಿನೊಳಗೆ ಹಾಕಿಸಿದ್ದ ಸಣ್ಣ ಗೇಜಿನ ಲೈನೊಂದು ಬಾಕಿ ಇದೆ, ಯಾರು ಮಾಡುತ್ತೀರಿ ಎಂದು ಅಲ್ಲಿ ಒಂದು ದಿನ ಯಾರೋ ಕೇಳಿದರು. ಒಬ್ಬರೂ ಕೈ ಎತ್ತಲಿಲ್ಲ. ನಮ್ಮವರು ಎತ್ತಿದರು. ಕಾರಣವೇನೂ ಘನವಾದದ್ದಲ್ಲ. ಲೈನು ಗಿಡ್ಡ, ಬೇಗ ಮುಗಿಯುತ್ತದೆ ಎಂದುಕೊಂಡರು. ಕಚೇರಿಯಲ್ಲೂ ತೆಳ್ಳಗಿನ ಫೈಲನ್ನೇ ಮೊದಲು ಎತ್ತಿಕೊಳ್ಳುವ ಅಭ್ಯಾಸ ಅವರದು.

ಗುಂಪಿನ ಮುಖ್ಯಸ್ಥರು ಒಂದೇ ಒಂದು ಷರತ್ತು ಹಾಕಿದರಂತೆ. ಆ ಲೈನು ಹಾಕುವಾಗ ಯುದ್ಧಕೈದಿಗಳು ಸತ್ತಿದ್ದಾರೆ, ಅವರಿಗಿಂತ ಹೆಚ್ಚಾಗಿ ಮಲಯಾದ ರಬ್ಬರ್ ತೋಟಗಳಿಂದ ಎಳೆದೊಯ್ದ ಕೂಲಿಗಳು ಸತ್ತಿದ್ದಾರೆ, ಆದ್ದರಿಂದ ಸೂಕ್ಷ್ಮವಾಗಿ ಮಾಡಿ, ನಡೆಯದೇ ಇದ್ದದ್ದನ್ನು ಸೇರಿಸಬೇಡಿ ಎಂದು. ನಮ್ಮವರು ಬೆಳಿಗ್ಗೆ ತರಕಾರಿಯವನು ಬಂದಾಗಲೂ ಅದೇ ಯೋಚನೆಯಲ್ಲಿದ್ದರು.

"ಸೂಕ್ಷ್ಮವಾಗಿ ಅಂದ್ರೆ ಏನೇ ಸುಮತಿ?" ಎಂದು ಕೇಳಿದರು.

"ನನ್ನ ಕೇಳ್ತೀರಾ? ಮೂವತ್ತು ವರ್ಷದಿಂದ ನಾನೂ ಅದನ್ನೇ ನಿಮಗೆ ಹೇಳಿಕೊಡೋಕೆ ನೋಡ್ತಿದೀನಿ," ಎಂದೆ.

ಪ್ರೇರಣಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ; ಉತ್ತರ ಮಾತ್ರ ತಮಿಳಿನಲ್ಲಿ. "ಗನ್ ವೇಂಡಾಂ ಪ್ಪಾ, ಪಾಯಿಂಟ್ಸ್ ವೇಂಡಾಂ. ಗೇಮ್ ಮಾದಿರಿ ಇರಕ್ಕೂಡಾದು," ಎಂದಳು. ಬಂದೂಕು, ಅಂಕ ಯಾವುದೂ ಬೇಡ, ಆಟದ ಹಾಗೆ ಇರಬಾರದು ಎಂದು.

ನಮ್ಮವರು ಮೊದಲು ಹಾಕಿದ್ದ ಬಂದೂಕು ತೆಗೆದರು. ಬಂದೂಕಿಲ್ಲದ ಸಿಪಾಯಿಗಳು ಸುಮ್ಮನೆ ನಿಂತದ್ದು ಕಂಡು ಅವರನ್ನೂ ತೆಗೆದರು. ನೋಯುವ ಮುಖಗಳನ್ನು ತಾನು ಬರೆಯುವುದು ಸರಿಯಲ್ಲವೆಂದು ಕೂಲಿಗಳನ್ನೂ ತೆಗೆದರು. ಆಸ್ಪತ್ರೆಯ ಬಿದಿರು ಗುಡಿಸಲು ರೆಸಾರ್ಟಿನ ಕೋಣೆಯಂತೆ ಕಂಡಿತೆಂದು ಅದನ್ನೂ ಕಿತ್ತರು. ಉಳಿದದ್ದು ಹಸಿರು ಕಾಡು, ಒಂದು ಹೊಳೆ, ಮುದ್ದಾದ ಪುಟ್ಟ ಇಂಜಿನ್ನು. ಪ್ರೇರಣಾ ನೋಡಿ "ಟೂರಿಸಂ ಆಡ್ ಪ್ಪಾ ಇದು" ಎಂದಳು. ನಮ್ಮವರ ಮುಖ ಸಣ್ಣದಾಯಿತು. ಮರುದಿನದಿಂದ ಕಚೇರಿಯಿಂದ ಬಂದ ಕೂಡಲೇ ಕೂತು ಲೈನಿನ ಬದಿಯಲ್ಲಿ ಮಣ್ಣಿನ ದಿಬ್ಬಗಳನ್ನು ಹಾಕತೊಡಗಿದರು. ಸತ್ತವರ ಜಾತಿ ಮತ ಯಾವುದೂ ಗೊತ್ತಿಲ್ಲದ್ದರಿಂದ ದಿಬ್ಬದ ಮೇಲೆ ಶಿಲುಬೆಯಾಗಲಿ ತುಳಸಿಯಾಗಲಿ ಇಡಲಿಲ್ಲ. ಬರೀ ಮಣ್ಣು.

ದಿಬ್ಬಗಳೆಲ್ಲ ಆದ ಸಂಜೆ ಮೊದಲ ಸಲ ಗಾಡಿ ಓಡಿಸಿ ನೋಡಿದರು. ಮುಗಿಸಿ ಎದ್ದವರು ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು.

"ಇದೇನ್ರೀ, ಬೆಳಿಗ್ಗೆ ಆಗಿತ್ತಲ್ಲ ಸ್ನಾನ?"

"ಅಷ್ಟು ಜನರ ಸಮಾಧಿ ಮಧ್ಯದಿಂದ ಬಂದಿದೀನಿ. ಹಾಗೇ ಅಡುಗೆಮನೆಗೆ ಬರಲಾ?"

"ನೀವು ಕುರ್ಚಿ ಬಿಟ್ಟು ಎದ್ದೇ ಇಲ್ವಲ್ರೀ!"

"ದೇಹ ಕುರ್ಚೀಲಿತ್ತು ಸುಮತಿ," ಎಂದರು, ಧೋತರ ಹಿಂಡುತ್ತಾ. "ಮನಸ್ಸು ಎಲ್ಲಿತ್ತು, ಹೇಳು."

ನಾನು ನಮ್ಮ ಪುರೋಹಿತರಾದ ಹರಿದಾಸಾಚಾರ್ಯರಿಗೆ ಫೋನು ಮಾಡಿದೆ. ಅವರು ಬಹಳ ಹೊತ್ತು ಯೋಚಿಸಿದರು. "ಪರದೆ ಮೇಲೆ ನೋಡಿದ್ರೆ ದೋಷ ಇಲ್ಲಮ್ಮಾ. ಆದ್ರೆ ಗಾಡಿ ಓಡಿಸಿದ್ದು ಯಾರು?" ಎಂದರು. ಇವರೇ ಎಂದೆ. "ಹಾಗಿದ್ರೆ ಸ್ನಾನ ಮಾಡಿಬಿಡ್ಲಿ, ನಷ್ಟ ಏನು?" ಎಂದುಬಿಟ್ಟರು. ಆಚಾರ್ಯರ ಮನೆಯಲ್ಲಿ ಬಾವಿ ಇದೆ. ನಮ್ಮ ಫ್ಲ್ಯಾಟುಗಳಲ್ಲಿ ಬೋರು ಬತ್ತಿ ತಿಂಗಳಾಗಿತ್ತು. ತಮಿಳರ ಆಡಿ ತಿಂಗಳು, ನಮ್ಮ ಆಷಾಢ, ಬಂದರೂ ಮಳೆಯಿಲ್ಲ, ಲಾರಿ ನೀರೇ ಗತಿ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸೌಂದರರಾಜನ್ ನಮ್ಮ ಎದುರು ಮನೆಯವರು. ಮೋಟರಿನ ಸದ್ದು ಕೇಳಿಯೇ ಯಾವ ಮನೆಯ ನಲ್ಲಿ ತೆರೆದಿದೆ ಎಂದು ಹೇಳಬಲ್ಲವರು.

ಲೈನು ಪರೀಕ್ಷೆ ಎಂದರೆ ಒಂದು ಸಲ ಓಡಿಸಿ ಮುಗಿಯುವ ಕೆಲಸವಲ್ಲ. ಸೇತುವೆ ಅಲುಗಿದರೆ ಮತ್ತೊಮ್ಮೆ, ಹಳಿ ಮೇಲೆ ಬಿದಿರು ಚಾಚಿದರೆ ಇನ್ನೊಮ್ಮೆ. ಪ್ರತಿ ಸಲಕ್ಕೂ ಸ್ನಾನ. ಪ್ರತಿ ಸ್ನಾನಕ್ಕೂ ಬಾಲ್ಕನಿಯಲ್ಲಿ ಒಂದು ಒದ್ದೆ ಧೋತರ. ನಮ್ಮ ಮನೆಗಳ ಪದ್ಧತಿ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಗಂಡಸು ತಲೆಗೆ ನೀರು ಹಾಕಿಕೊಂಡನೆಂದರೆ ದೂರದ ನೆಂಟರು ಯಾರೋ ಹೋದ ಸುದ್ದಿ ಬಂದಿದೆ ಎಂದೇ ಅರ್ಥ. ನಮ್ಮ ಕಟ್ಟಡದಲ್ಲಿ ಅಯ್ಯಂಗಾರರು, ಮಾಧ್ವರು, ಎಲ್ಲರೂ ಪದ್ಧತಿ ಬಲ್ಲವರೇ. ಅವರು ಧೋತರ ಎಣಿಸತೊಡಗಿದರು.

ಆದರೆ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನಮ್ಮವರೊಬ್ಬರೇ ಸೂಕ್ಷ್ಮ ಎಂದುಕೊಂಡಿದ್ದೆ. ಇಡೀ ಕಟ್ಟಡವೇ ಸೂಕ್ಷ್ಮವಾಗಿತ್ತು. ನಾನು ಲಿಫ್ಟಿಗೆ ಹೊಕ್ಕರೆ ಒಳಗಿನ ಮಾತು ನಿಲ್ಲುತ್ತಿತ್ತು. ಮೂರನೇ ಮಹಡಿಯ ವೃಂದಾ ಮಗಳ ಸೀಮಂತಕ್ಕೆ ಎಲ್ಲರ ಮನೆಗೂ ಕುಂಕುಮ ಕೊಟ್ಟು ಕರೆದು, ನಮ್ಮ ಬಾಗಿಲ ಮುಂದೆ ಬಂದು, ಕಣ್ಣೊರೆಸಿಕೊಂಡು ಹೊರಟುಹೋದಳು. ಎದುರು ಮನೆಯ ಮಾಮಿ ಒಂದು ಪಾತ್ರೆ ರಸಂ ತಂದು "ಮನಸ್ಸು ಗಟ್ಟಿ ಮಾಡ್ಕೋ ಸುಮತಿ" ಎಂದರು. ಗಂಡನ ರೈಲು ಹುಚ್ಚನ್ನು ನೋಡಿ ಮರುಗುತ್ತಿದ್ದಾರೆ ಎಂದುಕೊಂಡು ನಾನೂ ಸೆರಗು ಕಣ್ಣಿಗೊತ್ತಿ "ಏನು ಮಾಡೋದು ಮಾಮಿ, ದಿನಾ ಇದೇ ಆಯ್ತು" ಎಂದೆ. ಅವರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು.

ಆ ಶನಿವಾರ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಸೌಂದರರಾಜನ್ ಕಪ್ಪು ಅಂಚಿನ ಸಂದೇಶ ಹಾಕಿದರು. ತಿರುಮಲೇಶ ಸಾರ್ ಕುಟುಂಬದಲ್ಲಿ ಒಂದೇ ವಾರದಲ್ಲಿ ಒಂಬತ್ತು ಮಂದಿ, ನಾಳೆ ಬೆಳಿಗ್ಗೆ ಎಲ್ಲರೂ ದುಃಖ ವಿಚಾರಿಸಲು ಹೋಗೋಣ ಎಂದು. ನಮ್ಮ ಮನೆಯಲ್ಲಿ ಆ ಗುಂಪನ್ನು ನೋಡುವ ಅಭ್ಯಾಸವೇ ಇಲ್ಲ. ಅದರಲ್ಲಿ ಬರುವುದು ಬರೀ ಲಾರಿಯ ಸಮಯ.

ಭಾನುವಾರ ಬೆಳಿಗ್ಗೆ ಹತ್ತು ಹದಿನೈದು ಜನ ಬಂದು ಹಾಲಿನಲ್ಲಿ ಸಾಲಾಗಿ ಕೂತರು. ನೆಲಮಹಡಿಯ ಜಯಲಕ್ಷ್ಮಮ್ಮ ಕೂಡ ಮಗ ಮೋಹನನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಎಂಬತ್ತು ದಾಟಿದ ಜೀವ, ನಮ್ಮ ಕನ್ನಡದವರೇ, ಹುಟ್ಟಿ ಬೆಳೆದದ್ದೆಲ್ಲ ಮದ್ರಾಸು. ಕೊನೆಗೆ ಬಂದವನು ಅಂಬತ್ತೂರಿನಲ್ಲಿರುವ ನಮ್ಮವರ ದೊಡ್ಡಪ್ಪನ ಮಗ ಅರವಿಂದ್. ಸುದ್ದಿ ಯಾರಿಂದಲೋ ಅವನಿಗೂ ಮುಟ್ಟಿತ್ತು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಿರುಮಲೇಶಾ, ಯಾರು ಯಾರೋ? ನಮ್ಮ ಮನೆತನದಲ್ಲಿ ಇರೋರೇ ಹನ್ನೊಂದು ಜನ. ಒಂಬತ್ತು ಹೋದ್ರು ಅಂದ್ರೆ ಉಳಿದದ್ದು ನೀನು, ನಾನು!" ಎಂದು ಗದ್ಗದನಾದ. ಒಬ್ಬೊಬ್ಬರಿಗೆ ಒಂದೊಂದು ಸಲ ತಲೆಗೆ ಹೊಯ್ದುಕೊಂಡು ಬಂದಿದ್ದನಂತೆ. ಮೂಗು ಆಗಲೇ ಕಟ್ಟಿತ್ತು.

ನಮ್ಮವರಿಗೆ ಅವನ ಮಾತು ಕೇಳಿಸಲೇ ಇಲ್ಲ. ಇಷ್ಟು ಜನ ತಮ್ಮ ಲೈನಿನ ವಿಷಯ ತಿಳಿದು ಬಂದಿದ್ದಾರೆ ಎಂದು ಅವರ ಕಣ್ಣು ತುಂಬಿತ್ತು. ನಾನು ಅಡುಗೆಮನೆಯಲ್ಲಿ ಅಷ್ಟೂ ಜನರಿಗೆ ಕಾಫಿ ಬೆರೆಸುತ್ತಿದ್ದೆ. ಹಾಲು ಉಕ್ಕುವ ಹೊತ್ತು, ಬಿಟ್ಟು ಬರುವಂತಿರಲಿಲ್ಲ. ಅದೇ ತಪ್ಪಾಯಿತು.

ಸೌಂದರರಾಜನ್ ಗಂಟಲು ಸರಿಮಾಡಿಕೊಂಡರು. ನಡುವೆ ತಮಿಳು ನುಸುಳಿದರೂ ನಮ್ಮೊಡನೆ ಕನ್ನಡದಲ್ಲೇ ಮಾತಾಡಬೇಕೆಂಬ ಹಟ ಅವರಿಗೆ. "ಎಪ್ಪಡಿ ಸಾರ್, ಇಷ್ಟು ಜನ ಒಂದೇ ಸಲ?"

"ಇಷ್ಟು ಅಂತ ಎಲ್ಲಿದೆ ಸಾರ್," ಎಂದರು ನಮ್ಮವರು. "ಲೆಕ್ಕಾನೇ ಇಲ್ಲ. ಸಾವಿರಾರು."

ಅರವಿಂದ್ ಸೋಫಾದ ಕೈ ಹಿಡಿದುಕೊಂಡ.

"ಏನಾಗಿತ್ತು ಸಾರ್?"

"ಕಾಲರಾ, ಮಲೇರಿಯಾ. ಹೊಟ್ಟೆಗಿಲ್ಲ. ಅದರ ಮೇಲೆ ಏಟು ಬೇರೆ."

"ಐಯೋ! ಆಸ್ಪತ್ರಿಗೆ ಸೇರಿಸಲಿಲ್ಲಾ?"

"ಗುಡಿಸಲು ಥರದ್ದು ಒಂದಿತ್ತು. ನೋಡೋಕೆ ಚೆನ್ನಾಗಿಲ್ಲ ಅಂತ ನಾನೇ ಕಿತ್ತುಹಾಕಿದೆ."

ಮಾಮಿ ವೃಂದಾಳ ಕೈ ಹಿಡಿದುಕೊಂಡರು. ಸೌಂದರರಾಜನ್ ಧ್ವನಿ ಇಳಿಸಿದರು. "ಸಂಸ್ಕಾರ ಎಲ್ಲಾ ನಲ್ಲಾ ಆಯಿತಾ?"

"ಎಲ್ಲಿ ಸಂಸ್ಕಾರ ಸಾರ್! ಸುಡೋಕೆ ಸೌದೆ ಬೇಡ್ವಾ? ಸೌದೆ ಎಲ್ಲಾ ಇಂಜಿನ್‌ಗೇ ಬೇಕಾಗಿತ್ತು." ನಮ್ಮವರು ಕನ್ನಡಕ ತೆಗೆದು ಒರೆಸಿಕೊಂಡರು. "ಕೊನೆಗೆ ನಾನೇ ಒಬ್ಬೊಬ್ಬರನ್ನೇ ಹೂತೆ. ಆಫೀಸಿಂದ ಬಂದು, ದಿನಾ ಸಂಜೆ."

"ಎಲ್ಲಿ... ಎಲ್ಲಿ ಸಾರ್?"

"ಒಳಗೆ, ಬೆಡ್‌ರೂಮಲ್ಲಿ. ಬನ್ನಿ, ತೋರಿಸ್ತೀನಿ."

ನಾನು ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ಅರ್ಧ ಜನ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಉಳಿದರ್ಧ ಹೆದರಿದ್ದರೂ ಕುತೂಹಲ ತಡೆಯಲಾರದೆ ಬೆಡ್‌ರೂಮಿನ ಕಡೆ ಇಣುಕುತ್ತಿದ್ದರು. ಪ್ರೇರಣಾ ಕಂಪ್ಯೂಟರ್ ಹಾಕಿ, ಮೂರು ಭಾಷೆ ಬೆರೆಸಿ, ಇಡೀ ಕಥೆ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿತ್ತು. ಅರವಿಂದ್ ನೆಲದ ಮೇಲೆ ಕೂತು "ಎಲ್ಲರೂ ಇದಾರಾ? ಎಲ್ಲರೂ ಇದಾರಾ?" ಎಂದು ಕೇಳುತ್ತಾ ಸೀನುತ್ತಿದ್ದ. ಸೌಂದರರಾಜನ್ ಮುಖ ಮಾತ್ರ ಕೆಂಪಾಯಿತು. "ಇದಕ್ಕಾ ಸಾರ್ ನಮ್ಮ ಲಾರಿ ತಣ್ಣಿ ಖರ್ಚು ಮಾಡಿದ್ದು? ಬೊಮ್ಮೆ ರೈಲಿಗೆ? ಜನರಲ್ ಬಾಡಿಯಲ್ಲಿ ಕೇಳುತ್ತೇನೆ!" ನಮ್ಮವರು ತಲೆ ತಗ್ಗಿಸಿ ನಿಂತರು. ಬೈಗುಳ ಬಂದಾಗ ಅವರು ಯಾವಾಗಲೂ ಹಾಗೇ ನಿಲ್ಲುತ್ತಾರೆ, ನನಗೆ ಅದು ಸೇರುವುದಿಲ್ಲ. ನಾನು ಬಾಯಿ ತೆಗೆಯಬೇಕು, ಅಷ್ಟರಲ್ಲಿ ಹಿಂದಿನಿಂದ ಜಯಲಕ್ಷ್ಮಮ್ಮ ಮಾತಾಡಿದರು.

"ಬರ್ಮಾ ಲೈನು ಅಂದ್ಯಾ ತಿರುಮಲೇಶಾ? ಮಲಯಾದಿಂದ ಕರ್ಕೊಂಡ್ ಹೋದ್ರಲ್ಲ, ಅದಾ?"

ಹೌದಮ್ಮಾ ಎಂದರು ನಮ್ಮವರು.

"ನಮ್ಮಪ್ಪ ಅಲ್ಲಿಗೇ ಹೋದ್ದು," ಎಂದರು ಆಕೆ.

ಮೋಹನ ಕುರ್ಚಿ ಎಳೆದು ತಾಯಿಯನ್ನು ಕೂರಿಸಿದ. ಆಕೆಯ ತಂದೆ ಗೋಪೀನಾಥರಾಯರು ಮಲಯಾದ ರಬ್ಬರ್ ತೋಟದ ಕಚೇರಿಯಲ್ಲಿ ಗುಮಾಸ್ತರು. ಯುದ್ಧ ಬರುತ್ತದೆಂದು ಬಸುರಿ ಹೆಂಡತಿಯನ್ನು ಹಡಗು ಹತ್ತಿಸಿ ಮದ್ರಾಸಿಗೆ ಕಳಿಸಿದರು. ತಾವು ಸಂಬಳ ತೆಗೆದುಕೊಂಡು ಮುಂದಿನ ಹಡಗಿಗೆ ಬರುತ್ತೇನೆಂದರು. ಮುಂದಿನ ಹಡಗು ಬರಲಿಲ್ಲ. ತೋಟದ ಕೂಲಿಗಳ ಜೊತೆ ರಾಯರನ್ನೂ ಲೈನಿಗೆ ಎಳೆದೊಯ್ದರೆಂದು ಯುದ್ಧ ಮುಗಿದ ಮೇಲೆ ತಿರುಗಿ ಬಂದ ಒಬ್ಬ ಹೇಳಿದ. ಸತ್ತದ್ದನ್ನು ಅವನೂ ನೋಡಿರಲಿಲ್ಲ.

"ಅಮ್ಮ ಕುಂಕುಮ ಅಳಿಸ್ಲಿಲ್ಲ," ಎಂದರು ಜಯಲಕ್ಷ್ಮಮ್ಮ. "ಆಡಿ ಅಮಾವಾಸ್ಯೆ ದಿನ ಊರೆಲ್ಲ ಸಮುದ್ರಕ್ಕೆ ಹೋಗಿ ಸತ್ತೋರಿಗೆ ಎಳ್ಳು ನೀರು ಬಿಡ್ತಾರಲ್ಲ, ನಮ್ಮಮ್ಮ ಅದೇ ದಿನ ಗಂಡನ ಆಯುಸ್ಸು ಗಟ್ಟಿ ಇರ್ಲಿ ಅಂತ ಭೀಮನ ಅಮಾವಾಸ್ಯೆ ಪೂಜೆ ಮಾಡೋಳು. ಸಾಯೋವರೆಗೂ ಬಿಡ್ಲಿಲ್ಲ. ಹನ್ನೆರಡು ವರ್ಷ ಆಯ್ತು, ಇನ್ನು ಕರ್ಮ ಮಾಡ್ಬಹುದು ಅಂತ ಸೋದರಮಾವಂದಿರು ಹೇಳಿದ್ರೆ, 'ಅವರು ಬರೋ ಗಾಡಿ ಬರ್ಲಿ, ಆಮೇಲೆ ನೋಡೋಣ' ಅನ್ನೋಳು. ಅವಳು ಹೋದ್ಮೇಲೆ ನನಗೂ ಕೈ ಬರ್ಲಿಲ್ಲಪ್ಪಾ. ನಾನು ಕಣ್ಣು ಮುಚ್ಚಿದ್ರೆ ನಮ್ಮಪ್ಪಂಗೆ ಒಂದು ಹನಿ ನೀರು ಬಿಡೋರಿಲ್ಲ."

ಬಾಗಿಲಲ್ಲಿದ್ದವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಓಡ್ಸು, ನೋಡ್ತೀನಿ," ಎಂದರು ಆಕೆ.

ನಮ್ಮವರು ಕಂಪ್ಯೂಟರಿನ ಮುಂದೆ ಕೂತರು. "ಇದು ನಿಜವಾದ್ದಲ್ಲಮ್ಮಾ. ನಕ್ಷೆ ನೋಡಿ ಹಾಕಿದ್ದು. ದಿಬ್ಬ ಎಲ್ಲಾ ನನ್ನ ಊಹೆ," ಎಂದರು. ಆಕೆ ಆಗಲಿ ಎಂದು ತಲೆಯಾಡಿಸಿದರು.

ಗಾಡಿ ಹೊರಟಿತು. ಬಹಳ ನಿಧಾನ, ಆ ಲೈನಿನಲ್ಲಿ ಜೋರಾಗಿ ಓಡಿಸಲು ಮನಸ್ಸು ಬರುವುದಿಲ್ಲವೆಂದು ನಮ್ಮವರೇ ವೇಗಕ್ಕೆ ಮಿತಿ ಹಾಕಿದ್ದರು. ಬಿದಿರ ಮೆಳೆ ಬಂತು, ಮರದ ಸೇತುವೆ ಬಂತು, ಆಮೇಲೆ ಒಂದರ ಹಿಂದೆ ಒಂದು ದಿಬ್ಬಗಳು. ಜಯಲಕ್ಷ್ಮಮ್ಮ ಪ್ರತಿಯೊಂದನ್ನೂ ಕತ್ತು ತಿರುಗಿಸಿ ನೋಡಿದರು.

"ಯಾವುದು ಅಂತ ಗೊತ್ತಾಗಲ್ಲ, ಅಲ್ವಾ?"

"ಇಲ್ಲಮ್ಮಾ," ಎಂದರು ನಮ್ಮವರು. ಬೇರೆ ಯಾರಾದರೂ ಆಗಿದ್ದರೆ ಒಂದನ್ನು ತೋರಿಸಿ ಮುದುಕಿಯ ಮನಸ್ಸು ಸಮಾಧಾನ ಮಾಡುತ್ತಿದ್ದರೇನೋ. ಇವರು ಮಾಡಲಿಲ್ಲ. ನನಗೆ ಅವರ ಮೇಲೆ ಇದ್ದಕ್ಕಿದ್ದಂತೆ ಬಹಳ ಪ್ರೀತಿ ಬಂತು.

ಕಾಡು ಮುಗಿಯುವಲ್ಲಿ ಹಳಿಯೂ ಮುಗಿಯಿತು. ಗಾಡಿ ನಿಂತಿತು.

"ಮುಂದೆ?"

"ಲೈನು ಇಷ್ಟೇ ಅಮ್ಮಾ."

"ವಾಪಸು ಗಾಡಿ?"

"ವಾಪಸು ಗಾಡಿ ಹಾಕಿಲ್ಲ."

"ಇಷ್ಟು ವರ್ಷ ಅದೇ ಆಗಿದ್ದು," ಎಂದರು ಜಯಲಕ್ಷ್ಮಮ್ಮ. "ನೀನಾದ್ರೂ ಕರ್ಕೊಂಡ್ ಬಾ."

ನಮ್ಮವರು ಒದ್ದಾಡಿಹೋದರು. "ಅವರು ವಾಪಸು ಬರ್ಲಿಲ್ವಲ್ಲಮ್ಮಾ. ಬಂದ ಹಾಗೆ ಜನರನ್ನ ತುಂಬಿಸಿ ತೋರಿಸಿದ್ರೆ ಸುಳ್ಳಾಗುತ್ತೆ. ಅವರಿಗೂ ಅವಮಾನ, ನಿಮಗೂ ಮೋಸ."

"ಜನಾನ ತೋರ್ಸು ಅಂದ್ನಾ? ಖಾಲಿ ಗಾಡಿ ಓಡ್ಸು. ಖಾಲಿ ಗಾಡಿ ಯಾರಿಗೆ ಸುಳ್ಳು ಹೇಳುತ್ತೆ?"

ನಮ್ಮವರು ಇಂಜಿನ್ನು ಬಿಚ್ಚಿ, ಪಕ್ಕದ ಹಳಿಯಿಂದ ಸುತ್ತಿಸಿ, ಗಾಡಿಯ ಇನ್ನೊಂದು ತುದಿಗೆ ಜೋಡಿಸಿದರು. ಖಾಲಿ ಗಾಡಿ ಬಂದ ದಾರಿಯಲ್ಲೇ ಹೊರಟಿತು. ಮೊದಲ ದಿಬ್ಬ ಬಂದಾಗ ಯಾರೂ ಹೇಳದೆಯೇ ನಿಲ್ಲಿಸಿದರು. ತೆರೆಯ ಮೇಲೆ ಏನೂ ಆಗಲಿಲ್ಲ. ಎಲೆ ಅಲ್ಲಾಡಿತು, ಅಷ್ಟೇ. ತುಸು ಹೊತ್ತು ಬಿಟ್ಟು ಮುಂದೆ ಹೊರಟರು. ಮುಂದಿನದಕ್ಕೂ ನಿಲ್ಲಿಸಿದರು, ಅದರ ಮುಂದಿನದಕ್ಕೂ.

ಒಂದೆಡೆ ದಿಬ್ಬಗಳು ಒತ್ತೊತ್ತಾಗಿದ್ದವು. ನಿಲ್ಲಿಸಿ, ಮತ್ತೆ ಹೊರಡಲು ನಮ್ಮವರು ಕೈಯಿಡುವಷ್ಟರಲ್ಲಿ ಸೌಂದರರಾಜನ್ ಅವರ ಭುಜ ಒತ್ತಿ ಹಿಡಿದರು.

"ಇರಿ ಸಾರ್, ಅವಸರ ಪಡಬೇಡಿ," ಎಂದರು. "ನಡೆಯಲಾಗದವರು ಇರುತ್ತಾರೆ. ಹತ್ತಲಿ."

ಆಮೇಲಿನ ಪ್ರತಿ ನಿಲುಗಡೆಗೂ ಅವರೇ ಗಾರ್ಡು. ತೆರೆಯ ಕಡೆ ಬಗ್ಗಿ ನೋಡಿ, ತಮಗೆ ಸಮಾಧಾನವಾದ ಮೇಲೆ "ರೈಟ್ ಸಾರ್" ಎನ್ನುವರು. ಆಗ ಗಾಡಿ ಬಿಡುವುದು. ಅರವಿಂದ್ ಸೀನು ಬಂದರೆ ಮೂಗು ಹಿಡಿದುಕೊಳ್ಳುತ್ತಿದ್ದ. ವೃಂದಾ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ನಗುವ ಪ್ರಸಂಗ ಎಂದು ನನಗೂ ಗೊತ್ತು. ಹದಿನೈದು ಜನ ದೊಡ್ಡವರು ಬೆಡ್‌ರೂಮಿನಲ್ಲಿ ನಿಂತು ಕಂಪ್ಯೂಟರಿನ ಖಾಲಿ ಗಾಡಿಗೆ ಜನ ಹತ್ತಲೆಂದು ಕಾಯುತ್ತಿದ್ದೆವು. ಆದರೆ ಒಬ್ಬರೂ ನಗಲಿಲ್ಲ. ನಾನಂತೂ ಅಳುತ್ತಿದ್ದೆ.

ಕೊನೆಗೆ ಲೈನು ಶುರುವಾಗುವ ಸ್ಟೇಷನ್ನು ಬಂತು. ನಮ್ಮವರು ಬ್ರೇಕು ಹಾಕಿ ಕೈ ಮಡಿಲಿನಲ್ಲಿಟ್ಟುಕೊಂಡರು. ಜಯಲಕ್ಷ್ಮಮ್ಮ ಬಹಳ ಹೊತ್ತು ತೆರೆಯನ್ನೇ ನೋಡುತ್ತಾ ಕೂತರು. ಎಲ್ಲರೂ ಇಳಿಯಲಿ ಎಂದು ಬಿಟ್ಟ ಹಾಗಿತ್ತು. ಆಮೇಲೆ ಮಗನ ಕಡೆ ತಿರುಗಿದರು.

"ಮೋಹನಾ, ಗುರುವಾರ ಅಮಾವಾಸ್ಯೆ. ಹರಿದಾಸಾಚಾರ್ರಿಗೆ ಹೇಳು, ಯಾವುದು ಮೊದಲು, ಯಾವುದು ಆಮೇಲೆ, ಅವರೇ ನೋಡಿ ಮಾಡಿಸ್ಲಿ. ಮಗಳ ಮಗ ನೀನು, ನಿನಗೆ ಅಧಿಕಾರ ಇದೆ. ತಾತಂಗೆ ನೀರು ಬಿಡು."

ಮೋಹನ ಗಾಬರಿಯಾದ. "ಅಮ್ಮಾ, ಅಜ್ಜಿ ಬೇಡ ಅಂದಿದ್ರಲ್ಲಾ..."

"ಗಾಡಿ ಬರ್ಲಿ ಅಂದಿದ್ಲು. ಬಂತಲ್ಲ."

ಮೋಹನ ಕಣ್ಣೊ‍ರೆಸಿಕೊಂಡು ಫೋನು ತೆಗೆದ. ಸಂಸಾರಸ್ಥ, ಅವನಿಗೆ ಕೂಡಲೇ ಏರ್ಪಾಡಿನ ಯೋಚನೆ ಬಂತು. "ಎಲ್ಲಾ ಮುಗಿದ್ಮೇಲೆ ಊಟಕ್ಕೆ ಎಷ್ಟು ಎಲೆ ಹಾಕಿಸ್ಲಿ ಅಮ್ಮಾ?"

ಜಯಲಕ್ಷ್ಮಮ್ಮ ತೆರೆಯ ಮೇಲೆ ನಿಂತಿದ್ದ ಉದ್ದನೆಯ ಖಾಲಿ ಗಾಡಿಯನ್ನು ತುದಿಯಿಂದ ತುದಿಗೆ ಒಮ್ಮೆ ನೋಡಿದರು.

"ಜಾಸ್ತೀನೇ ಹಾಕ್ಸು," ಎಂದರು. "ಅಪ್ಪ ಒಬ್ಬರೇ ಬಂದಿಲ್ಲ."